ಅಳತೆ ಪುಸ್ತಕದ ಹಿಂಬದಿ

ನಾನು ಬೆಟಗೇರಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಓಣಿಯಲ್ಲಿ ಇನ್ನೂ ಮಗ್ಗದ ಸದ್ದು ಕೇಳುತ್ತದೆ. ಇಂಥ ಊರಲ್ಲಿ ಕೂತು ಸತ್ಯವೇದದ (ಬೈಬಲಿನ) ಮತ್ತಾಯ 6ನೇ ಅಧ್ಯಾಯ ಓದಿದರೆ ನನಗೆ ಸಿಟ್ಟೇ ಬರುತ್ತಿತ್ತು. ಅಡವಿಯ ಹೂವುಗಳನ್ನು ನೋಡಿರಿ, ಅವು ದುಡಿಯುವುದಿಲ್ಲ, ನೂಲುವುದಿಲ್ಲ ಅಂತ ಯೇಸು ಹೇಳುತ್ತಾನಲ್ಲ, ಅದು. ಹೂವಿಗೇನು, ತಿಂಗಳ ಕಂತು ಇದೆಯಾ?

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಏಪ್ರಿಲ್, ಮೇ ನಮಗೆ ಮದುವೆ ಸೀಸನ್. ಒಂದೊಂದು ಮನೆಯಿಂದ ಹತ್ತು ಹನ್ನೆರಡು ಬ್ಲೌಸ್ ಬರುವ ಕಾಲ. ಆ ವರ್ಷ ಕತ್ತರಿಸಿಟ್ಟ ಬಟ್ಟೆಯನ್ನೂ ಒಯ್ಯಲು ಯಾರೂ ಬರಲಿಲ್ಲ. ಸೀರೆ ಅಂಚು ಹೊಲಿಯುವ ಪಿಕೋ ಮಷಿನ್‌ಗೆ ಬೇರೆ ಸಾಲ ಮಾಡಿದ್ದೆ. ಕಂತನ್ನು ಆಗಸ್ಟ್‌ವರೆಗೆ ಮುಂದೂಡಬಹುದು ಅಂದರು. ಬಡ್ಡಿ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ರಾತ್ರಿ ಎರಡೂವರೆಗೆ ಸರಿಯಾಗಿ ಎಚ್ಚರ ಆಗೋದು. ಎದೆ ಡವಡವ. ಎದ್ದು ನೀರು ಕುಡಿದು, ಬಾಗಿಲ ಚಿಲಕ ನೋಡಿ, ಮತ್ತೆ ಮಲಗಿ, ಮತ್ತೆ ಅದೇ ಲೆಕ್ಕ.

ನಮ್ಮ ಚರ್ಚಿನ ಸಭೆಯ ಒಬ್ಬರಿಗೆ ಫೋನಿನಲ್ಲಿ ಹೇಳಿಕೊಂಡೆ. "ನಂಬಿಕೆ ಕಡಿಮೆ ಆದಾಗಲೇ ಚಿಂತೆ ಬರೋದು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಅವತ್ತಿನಿಂದ ಇದ್ದ ಚಿಂತೆಯ ಮೇಲೆ ಇನ್ನೊಂದು ಚಿಂತೆ, ನಾನು ಚಿಂತೆ ಮಾಡ್ತಿದ್ದೀನಲ್ಲ ಅಂತ!

ನನ್ನನ್ನು ಆ ಗುಂಡಿಯಿಂದ ಎತ್ತಿದವರು ನಿವೃತ್ತರಾದ ಒಬ್ಬ ಸಭಾಪಾಲಕರು. ಫಿಲಿಪ್ಪಿ ಊರಿನ ಸಭೆಯವರಿಗೆ ಯಾವುದಕ್ಕೂ ಚಿಂತಿಸಬೇಡಿ ಅಂತ ಬರೆದಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ ಅಂತ ನನಗೆ ಗೊತ್ತಿತ್ತು. ಅದೇ ಪೌಲ 2 ಕೊರಿಂಥ 11:28ರಲ್ಲಿ, ಎಲ್ಲಾ ಸಭೆಗಳ ಚಿಂತೆ ದಿನದಿನವೂ ತನ್ನ ಮೇಲಿದೆ ಅಂತ ಬರೆದಿದ್ದಾನೆ, ಅದನ್ನು ನಾನು ಗಮನಿಸಿರಲೇ ಇಲ್ಲ, ಅವರೇ ತೋರಿಸಿದರು. "ಪೌಲಗ ಇತ್ತು, ನಿನಗ ಇರಬಾರದೇನವ್ವಾ?" ಅಂತ ನಕ್ಕರು. ಆಮೇಲೆ 1 ಪೇತ್ರ 5:7 ತೆಗೆಸಿದರು. ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ, ಅಂದರೆ ದೇವರ ಮೇಲೆ, ಹಾಕಿರಿ ಅನ್ನೋ ವಚನ. ಆ 'ಹಾಕಿರಿ' ಅನ್ನೋದಕ್ಕೆ ಗ್ರೀಕಿನಲ್ಲಿರುವ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದಂತೆ. ಲೂಕ 19:35, ಶಿಷ್ಯರು ಕತ್ತೆಮರಿಯ ಮೇಲೆ ತಮ್ಮ ಬಟ್ಟೆಗಳನ್ನು ಹಾಕುವ ಜಾಗ. ಬಟ್ಟೆಯ ವಿಷಯ ಬಂದರೆ ನನಗೆ ಬೇಗ ಅರ್ಥ ಆಗುತ್ತದೆ. ಹೆಗಲ ಮೇಲಿದ್ದದ್ದನ್ನು ತೆಗೆದು ಹೊರುವವನ ಬೆನ್ನ ಮೇಲೆ ಹಾಕಬೇಕು. ಕೈಯಲ್ಲಿ ಹಿಡಿದುಕೊಂಡೇ ಹಾಕಿದೆ ಅಂದರೆ ಆಗಲ್ಲ.

ಹೇಗೆ ಹಾಕೋದು? ಅದನ್ನು ಯಾರೂ ಹೇಳಿಕೊಡಲಿಲ್ಲ. ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ. ಅದರಲ್ಲಿ ಗಿರಾಕಿಯ ಹೆಸರು, ಎದೆ, ಸೊಂಟ, ತೋಳು, ಕೊಡುವ ತಾರೀಕು ಬರೆಯುತ್ತೇನೆ. ಹಿಂಬದಿಯಿಂದ ತಿರುಗಿಸಿ ಚಿಂತೆಗಳನ್ನು ಅದೇ ಥರ ಬರೆಯತೊಡಗಿದೆ. ಒಂದು ಪುಟ ಹೀಗಿದೆ:

"ಮಷಿನ್ ಕಂತು. ಅಳತೆ: 2,850 ರೂಪಾಯಿ. ತಾರೀಕು: ಸೆಪ್ಟೆಂಬರ್ 10. ನನ್ನ ಕೆಲಸ: 200 ಮಾಸ್ಕ್ ಹೊಲಿಯೋದು, ಮೆಡಿಕಲ್ ಅಂಗಡಿಯವರನ್ನು ಕೇಳೋದು. ಉಳಿದದ್ದು: ಕರ್ತನದು."

ಅಳತೆ ಬರೆಯೋದರಲ್ಲೇ ಅರ್ಧ ಭಾರ ಇಳಿಯಿತು ಅಂದರೆ ನಂಬುತ್ತೀರಾ? ರಾತ್ರಿ ಎರಡೂವರೆಗೆ ಬೆಟ್ಟದಷ್ಟಿದ್ದದ್ದು ಕಾಗದದ ಮೇಲೆ 2,850 ಆಗಿತ್ತು. 'ಉಳಿದದ್ದು' ಅನ್ನೋ ಸಾಲನ್ನು ಬೆರಳಿಟ್ಟು ಜೋರಾಗಿ ಓದುತ್ತಿದ್ದೆ, ಕರ್ತನೇ ಇದು ನಿನ್ನದು ಅಂತ. ಆಮೇಲೆ ಪುಸ್ತಕ ಮುಚ್ಚಿ ಕತ್ತರಿಯ ಕೆಳಗೆ ಇಡುತ್ತಿದ್ದೆ. ಅವತ್ತಿನ ತಾರೀಕಿನದ್ದು ಬಿಟ್ಟು ಮುಂದಿನ ಪುಟ ತೆಗೆಯಬಾರದು ಅಂತ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು, ಅದೂ ಮತ್ತಾಯ 6ರದ್ದೇ. ಹೂವಿನ ಮಾತಿಗಿಂತ ಈ ಮಾತು ನನಗೆ ಹತ್ತಿರ. ದರ್ಜಿಗೆ ಯಾವತ್ತೂ ಅವತ್ತಿನ ಡೆಲಿವರಿಯೇ ಮುಖ್ಯ ಅಲ್ವಾ.

ಡಾಕ್ಟರ ಹತ್ತಿರವೂ ಹೋದೆ. ನಿದ್ದೆಗೆ ಕೆಲವು ತಿಂಗಳು ಮಾತ್ರೆ ತಗೊಂಡೆ. ಪ್ರಾರ್ಥನೆ ಮಾಡುವವರು ಮಾತ್ರೆ ತಗೋಬಾರದು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ. ಕನ್ನಡಕ ಹಾಕಿಕೊಂಡು ಸತ್ಯವೇದ ಓದಲ್ವಾ ನಾವು?

ಹಿಂಬದಿಯ ಪುಟಗಳಲ್ಲಿ ಮುಗಿದವಕ್ಕೆಲ್ಲ 'ಕೊಟ್ಟಾಯಿತು' ಅಂತ ಗೀಟು ಹಾಕಿದ್ದೇನೆ. ಒಂದಕ್ಕೆ ಮಾತ್ರ ಇಲ್ಲ. 2021ರ ಮೇ ತಿಂಗಳದ್ದು. "ಅಪ್ಪನ ಉಸಿರು. ಅಳತೆ: ಆಕ್ಸಿಜನ್ 84." ಅಷ್ಟೇ ಇದೆ. ತಾರೀಕಿನ ಜಾಗ ಖಾಲಿ. ಮೂರನೇ ದಿನ ಅಪ್ಪ ಹೋದರು. ಎರಡು ತಿಂಗಳು ಆ ಪುಸ್ತಕ ಮುಟ್ಟಲಿಲ್ಲ. ಓದಿದ್ದು 13ನೇ ಕೀರ್ತನೆ ಒಂದೇ. ಅದರಲ್ಲಿ ದಾವೀದ ಇನ್ನೆಷ್ಟು ಕಾಲ, ಇನ್ನೆಷ್ಟು ಕಾಲ ಅಂತ ನಾಲ್ಕು ಸಲ ದೇವರನ್ನು ಕೇಳುತ್ತಾನೆ. ಆರೇ ವಚನ, ಕೊನೆಯಲ್ಲಿ ಹಾಡುತ್ತೇನೆ ಅನ್ನುತ್ತಾನೆ. ನಾನು ಮೊದಲೆರಡು ವಚನಕ್ಕೇ ನಿಲ್ಲಿಸುತ್ತಿದ್ದೆ. ಕೊನೆಯ ವಚನ ಬಾಯಿಗೆ ಬರಲು ದೀಪಾವಳಿ ಸೀಸನ್ ಆಯಿತು, ಅದೂ ಸಣ್ಣ ದನಿಯಲ್ಲಿ.

ಈಗಲೂ ಎರಡೂವರೆಗೆ ಎಚ್ಚರ ಆಗುವುದುಂಟು. ಎದ್ದು ಒಂದು ಸಾಲು ಬರೆದು ಮಲಗುತ್ತೇನೆ. ಪೇತ್ರನ ಆ ವಚನದ ಉಳಿದರ್ಧ ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ ಅಂತಿದೆ. ಆತನೇ ಚಿಂತಿಸುತ್ತಾ ಎಚ್ಚರ ಇದ್ದಾನೆ, ಇಬ್ಬರೂ ಎದ್ದು ಕೂರೋದು ಯಾಕೆ ಅನ್ನಿಸುತ್ತದೆ.

ಮೊನ್ನೆ ಹಿಂದಿನ ಓಣಿಯ ಗಿರಾಕಿಯೊಬ್ಬರು ಕಾಯುತ್ತಾ ಕೂತು ಪುಸ್ತಕವನ್ನು ಹಿಂಬದಿಯಿಂದ ತೆರೆದುಬಿಟ್ಟರು. ಅವರು ಚರ್ಚಿನವರಲ್ಲ, ಮನೆಯಲ್ಲಿ ಎರಡು ಮಗ್ಗ ಇವೆ.

"ಇದ್ಯಾರ ಅಳತಿರೀ ಅಕ್ಕಾರ?"

"ನಂದೇ ರೀ."

ಎರಡು ಪುಟ ಓದಿದರು. ಏನೂ ಅನ್ನಲಿಲ್ಲ. ಬ್ಲೌಸ್ ತಗೊಂಡು ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದರು.

"ನಮ್ಮ ಹುಡುಗನ ಪಿಯುಸಿ ರಿಸಲ್ಟ್ ಐತಿ. ಅದನ್ನೂ ಒಂದು ಬರ್ಕೊಳ್ರಿ."