ಬಾಲಕ್ಕೆ ರೆಕ್ಕೆ ಬಂದ ಕಾರುಗಳು

ಮಾಡೆಲ್ ಕಾರುಗಳನ್ನು ಕೂಡಿಡುವವರು ಮೊದಲು ತೀರ್ಮಾನಿಸಬೇಕಾದದ್ದು ಏನನ್ನು ಕೊಳ್ಳಬಾರದು ಎಂಬುದನ್ನು. ‘ಹಳೆಯ ಅಮೆರಿಕನ್ ಕಾರು’ ಎಂದಷ್ಟೇ ಹೊರಟರೆ ಗೋಡೆಯೂ ಸಾಲದು, ಸಂಬಳವೂ ಸಾಲದು. ಹಾಗಾಗಿ 1948ರಿಂದ 1959ರವರೆಗಿನ, ಹಿಂಬದಿಯ ಎರಡೂ ಪಕ್ಕ ರೆಕ್ಕೆಯಂತೆ ಎದ್ದ ಕಾರುಗಳನ್ನು ಮಾತ್ರ, ಅದೂ 1:43 ಅಳತೆಯಲ್ಲಿ (ನಿಜವಾದ ಕಾರಿನ 43ರಲ್ಲೊಂದು ಪಾಲು ಉದ್ದ) ಮಾತ್ರ ಕೊಳ್ಳುತ್ತೇನೆ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಬಾಲಕ್ಕೆ ಮನಸೋತು ತಮ್ಮ ಕಂಪನಿಯ ಕ್ಯಾಡಿಲಾಕ್‌ನ ಹಿಂಬದಿಗೆ ಪುಟ್ಟ ಉಬ್ಬು ಕೊಡಿಸಿದ್ದು 1948ರ ಮಾದರಿಯಲ್ಲಿ. 1957ರಲ್ಲಿ ಕ್ರೈಸ್ಲರ್ ಕಂಪನಿಯ ವಿನ್ಯಾಸಕ ವರ್ಜಿಲ್ ಎಕ್ಸ್‌ನರ್ ರೆಕ್ಕೆಗಳನ್ನು ನಿಜವಾಗಿಯೂ ಮೇಲಕ್ಕೆತ್ತಿದ. ಜನರಲ್ ಮೋಟರ್ಸ್‌ನವರು ಹಟಕ್ಕೆ ಬಿದ್ದರು. ಆ ಹಟದ ಫಲವೇ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪಗಳಿರುವ 1959ರ ಕ್ಯಾಡಿಲಾಕ್. ರೆಕ್ಕೆಗಳ ಹುಚ್ಚು ತುದಿ ಮುಟ್ಟಿದ್ದು ಅಲ್ಲೇ, ನನ್ನ ಕಪಾಟೂ ಅಲ್ಲಿಗೇ ಮುಗಿಯುತ್ತದೆ.

ಅಳತೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಆ ಕ್ಯಾಡಿಲಾಕ್‌ನ ಉದ್ದ ಸುಮಾರು 5.7 ಮೀಟರ್. 1:18ರಲ್ಲಿ ಅದು 32 ಸೆಂಟಿಮೀಟರ್ ಆಗಿ ಅರ್ಧ ಹಲಗೆಯನ್ನೇ ನುಂಗುತ್ತದೆ. 1:24ರಲ್ಲಿ ಒಂದು ಗೇಣು. 1:64ರಲ್ಲಿ ರೆಕ್ಕೆಯ ಮೊನೆಯೇ ಮೊಂಡಾಗುತ್ತದೆ. 1:43ರಲ್ಲಿ 13 ಸೆಂಟಿಮೀಟರ್, ಅಂದರೆ ಅಂಗೈ ಮೇಲೆ ಕೂರುತ್ತದೆ, ಮೊನೆಯೂ ಉಳಿಯುತ್ತದೆ. ಈ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲುಗಳ ‘ಓ’ ಗೇಜ್ ಎಂಬ ಅಳತೆಯಿಂದ.

ಮನೆಗೆ ಬಂದವರೆಲ್ಲ ಕಾರನ್ನು ಕೈಗೆತ್ತಿಕೊಂಡು ಬಾಗಿಲು ಎಳೆಯುತ್ತಾರೆ. ತೆರೆಯುವುದಿಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ತೆರೆಯದಿರುವುದೇ ಒಳ್ಳೆಯದು ಎಂದು ಎಷ್ಟು ಹೇಳಿದರೂ ನಂಬುವವರಿಲ್ಲ. ಈ ಗಾತ್ರದಲ್ಲಿ ಬಾಗಿಲು ತೆರೆಯಬೇಕೆಂದರೆ ಅದರ ಸುತ್ತ ಇಷ್ಟಗಲದ ಸಂದು ಬಿಡಬೇಕು, ಮೈಯ ಗೆರೆ ಕೆಡುತ್ತದೆ. 1974ರಲ್ಲಿ ಕೆನಡಾದಲ್ಲಿ ಹುಟ್ಟಿ ಆಮೇಲೆ ಇಂಗ್ಲೆಂಡಿನ ಬಾತ್ ನಗರಕ್ಕೆ ಹೋದ ಬ್ರೂಕ್‌ಲಿನ್ ಕಂಪನಿಯವರ ಬಿಳಿ ಲೋಹದ ಮಾಡೆಲ್‌ಗಳು ನನಗೆ ಇಷ್ಟವಾಗುವುದು ಇದಕ್ಕೇ. ಬಾಗಿಲು ಮುಚ್ಚಿಯೇ ಇರುತ್ತದೆ, ಕೈಗೆ ಭಾರ ಹತ್ತುತ್ತದೆ.

ನಾನು ನೋಡುವುದು ಬೇರೆ ಕಡೆ. 1957ರ ಷೆವ್ರೊಲೆ ಬೆಲ್ ಏರ್ ಸಿಕ್ಕಿದರೆ ಮೊದಲು ಮುಂದಿನ ಜಾಲರಿಯ ಬಣ್ಣ. ಬೆಲ್ ಏರ್‌ಗೆ ಅದು ಚಿನ್ನದ ಬಣ್ಣದ್ದಿರಬೇಕು, ಅಗ್ಗದ ದರ್ಜೆಯ 210ಕ್ಕೆ ಬೆಳ್ಳಿ. ಆಮೇಲೆ ಹಿಂಬದಿಯ ಪಕ್ಕದಲ್ಲಿರುವ ಗೀರುಗೀರಿನ ಅಲ್ಯೂಮಿನಿಯಂ ಪಟ್ಟಿ. ಅಲ್ಲಿ ಬರೀ ಬೂದು ಬಣ್ಣ ಬಳಿದಿದ್ದರೆ ಅಲ್ಲೇ ಇಟ್ಟು ಬರುತ್ತೇನೆ. ಕೊನೆಗೆ ಗಾಜಿನ ಕಂಬ. ಆ ಕಾಲದ ಸುತ್ತುಗಾಜಿನ ಕಾರುಗಳಲ್ಲಿ ಮುಂದಿನ ಕಂಬ ಮೊಣಕಾಲಿನಂತೆ ಹಿಂದಕ್ಕೆ ಮಡಿಚಿಕೊಂಡಿರುತ್ತದೆ. ಅದು ದಪ್ಪವಾದರೆ ಇಡೀ ಕಾರೇ ಪೆದ್ದಾಗಿ ಕಾಣುತ್ತದೆ. ಹಾಂ, ಪೆಟ್ರೋಲ್ ಹಾಕುವ ಬಾಯಿ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ನಿಜವಾದ ಕಾರಿನಲ್ಲೂ ಅದು ಕಾಣುವುದಿಲ್ಲ, ಎಡರೆಕ್ಕೆಯ ಕ್ರೋಮ್ ಪಟ್ಟಿಯ ಹಿಂದೆ ಅಡಗಿದೆ.

ಇದನ್ನೆಲ್ಲ ಕಲಿಸಿದ್ದು ನಿಜವಾದ ಕಾರುಗಳೇ. ಡೆಟ್ರಾಯಿಟ್ ಪಕ್ಕದಲ್ಲಿ ನೆಲೆಸಿರುವುದರ ಲಾಭವೆಂದರೆ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಗೆ ಇವೆಲ್ಲ ತಾವಾಗಿಯೇ ಬರುತ್ತವೆ. ಕಾರಿನ ಮಾಲೀಕರನ್ನು ಕೇಳಿ, ಬಂಪರ್ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಫೋಟೊ ತೆಗೆಯುತ್ತೇನೆ. ನಿಂತು ತೆಗೆದ ಚಿತ್ರದಿಂದ ಮಾಡೆಲ್‌ನ ನಿಲುವನ್ನು ಅಳೆಯಲಾಗದು. ಅಪ್ಪ ಊರಿನಿಂದ ಬಂದಾಗ ರೆಕ್ಕೆಗಳ ನಡುವೆ ಸಾದಾ ಪ್ಲಿಮತ್ ಒಂದರ ಮುಂದೆ ನಿಂತುಬಿಟ್ಟರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಜೋಡಿಸುತ್ತಿದ್ದ ಪ್ಲಿಮತ್, ಡಾಡ್ಜ್‌ಗಳನ್ನು ನೋಡಿ ಬೆಳೆದವರು ಅವರು.

ಬಣ್ಣಕ್ಕೆ ಸಾಕ್ಷಿ ಬೇಕಾದಾಗ ಹಳೆಯ ಪ್ರೊಮೊಗಳನ್ನು ನೋಡುತ್ತೇನೆ. ಷೋರೂಮಿನವರು ಗಿರಾಕಿಗಳಿಗೆ ಕೊಡುತ್ತಿದ್ದ 1:25ರ ಪ್ಲಾಸ್ಟಿಕ್ ಮಾಡೆಲ್‌ಗಳು ಇವು. ನಮ್ಮ ಮಿಷಿಗನ್‌ನ ಎಎಂಟಿ, ಜೋ-ಹಾನ್ ಕಂಪನಿಗಳೇ ಮಾಡುತ್ತಿದ್ದವು, ಬಣ್ಣ ಕಾರ್ಖಾನೆಯ ಬಣ್ಣಕ್ಕೆ ಹೊಂದುತ್ತದೆ. ಆದರೆ ಐವತ್ತರ ದಶಕದ ಅಸಿಟೇಟ್ ಪ್ಲಾಸ್ಟಿಕ್ ವಯಸ್ಸಾದಂತೆ ಸೊಟ್ಟಗಾಗುತ್ತದೆ. ಸಂತೆಯಲ್ಲಿ ಕಂಡರೆ ಗಾಜಿನ ಮೇಲಿಟ್ಟು ಬಾಗಿಲ ಕೆಳಗಿನ ಗೆರೆಗೆ ಕಣ್ಣು ಕೊಡಿ: ನಡು ಬಾಗಿದ್ದರೆ ಗೊತ್ತಾಗುತ್ತದೆ. ಬಣ್ಣದ ಸುಳ್ಳು ಇನ್ನೊಂದು ಬಗೆಯದು. 1953ರ ಕಾರ್ವೆಟ್ ತಯಾರಾದದ್ದು 300 ಮಾತ್ರ, ಎಲ್ಲವೂ ಬಿಳಿ, ಒಳಗೆ ಕೆಂಪು. ನೀಲಿ ಬಣ್ಣದ ‘1953’ ಯಾರಾದರೂ ಕೊಟ್ಟರೆ ನಗುತ್ತ ಹಿಂದಿರುಗಿಸಿ.

ಕಾಪಾಡುವುದು ಕಷ್ಟವಲ್ಲ, ಆದರೆ ಹಟ ಬೇಕು. ಮಾಡೆಲ್‌ನ ಸತುವಿನ ಮಿಶ್ರಲೋಹದಲ್ಲಿ ಸೀಸ ಸೇರಿದ್ದರೆ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಮೆತ್ತನೆಯ ವಿನೈಲ್ ಟಯರುಗಳು ಕೆಳಗಿನ ಪ್ಲಾಸ್ಟಿಕ್ ಪೀಠವನ್ನು ನಿಧಾನಕ್ಕೆ ಕರಗಿಸಿ ಅಂಟಿಕೊಳ್ಳುತ್ತವೆ. ಹಾಗಾಗಿ ಅಚ್ಚಿನ ಕೆಳಗೆ ಸಣ್ಣ ಪಟ್ಟಿಯಿಟ್ಟು ಚಕ್ರಗಳನ್ನು ಕೂದಲೆಳೆಯಷ್ಟು ಎತ್ತುತ್ತೇನೆ. ಬಿಸಿಲು ಬೀಳುವ ಕಿಟಕಿಯಿಂದ ದೂರ, ದೂಳಿಗೆ ಮೇಕಪ್ ಬ್ರಷ್. ಖಾಲಿ ಪೆಟ್ಟಿಗೆಗಳೆಲ್ಲ ನೆಲಮಾಳಿಗೆಯಲ್ಲಿವೆ. ಮಾರುವ ದಿನ ಬಂದರೆ ಪೆಟ್ಟಿಗೆಯಿರುವ ಕಾರಿನ ಬೆಲೆಯೇ ಬೇರೆ. ಆ ದಿನ ಬಂದೇ ಬರುತ್ತದೆಂದು ನನಗಿಂತ ಹೆಚ್ಚಾಗಿ ನನ್ನ ಹೆಂಡತಿ ನಂಬಿದ್ದಾಳೆ.