ಬ್ಯಾಂಕಾಕ್‌ನಲ್ಲಿ ಮೀಟರ್ ದರಕ್ಕೇ ಟ್ಯಾಕ್ಸಿ ಹಿಡಿಯುವುದು ಹೇಗೆ

ಬ್ಯಾಂಕಾಕ್ ಟ್ಯಾಕ್ಸಿ ನಿಜಕ್ಕೂ ಅಗ್ಗ. ಮೀಟರ್ ಹಾಕಿಸಿಕೊಂಡು ಹೋದರೆ ಏಸಿ ಕಾರಿನಲ್ಲಿ ಆರು ಕಿಲೋಮೀಟರ್‌ಗೆ 70 ಬಾಟ್ ಆಸುಪಾಸು ಆಗುತ್ತದೆ. ಅದೇ ದೂರಕ್ಕೆ ಪ್ರವಾಸಿಗರು 300, 400 ಬಾಟ್ ಕೊಟ್ಟು ಇಳಿಯುವುದೂ ದಿನನಿತ್ಯದ ಮಾತು. ಇಷ್ಟು ವ್ಯತ್ಯಾಸ ಬಹುಪಾಲು ದಾರಿಯಲ್ಲಿ ಆಗುವುದಿಲ್ಲ. ಕಾರು ಹೊರಡುವ ಮೊದಲೇ ಆಗಿಬಿಟ್ಟಿರುತ್ತದೆ. ಎಲ್ಲಿ ನಿಂತು ಕೈ ತೋರಿಸಿದಿರಿ, ಬಾಗಿಲು ತೆಗೆದು ಏನು ಕೇಳಿದಿರಿ, ಮೀಟರ್ ಒತ್ತುವ ಮೊದಲೇ ಬಾಗಿಲು ಹಾಕಿದಿರಾ, ಇವೇ ಮೂರು ಸಂಗತಿ.

ಮೊದಲು ದರ ತಿಳಿದಿರಲಿ. 2023ರಲ್ಲಿ ಪರಿಷ್ಕರಿಸಿದ ದರದ ಪ್ರಕಾರ ಮಾಮೂಲಿ ಟ್ಯಾಕ್ಸಿಯಲ್ಲಿ ಮೊದಲ ಕಿಲೋಮೀಟರ್‌ಗೆ 35 ಬಾಟ್, ದೊಡ್ಡ ಗಾಡಿಯಲ್ಲಿ 40. ಆಮೇಲೆ ಹತ್ತು ಕಿಲೋಮೀಟರ್‌ವರೆಗೆ ಕಿಲೋಮೀಟರ್‌ಗೆ 6.50, ಹತ್ತರಿಂದ ಇಪ್ಪತ್ತರವರೆಗೆ 7, ಇಪ್ಪತ್ತರಿಂದ ನಲವತ್ತರವರೆಗೆ 8. ಟ್ರಾಫಿಕ್‌ನಲ್ಲಿ ಸಿಕ್ಕಿ ವೇಗ ಗಂಟೆಗೆ 6 ಕಿಲೋಮೀಟರ್‌ಗಿಂತ ಕಡಿಮೆಯಾದಾಗ ನಿಮಿಷಕ್ಕೆ 3 ಬಾಟ್ ಸೇರುತ್ತದೆ. ಇಷ್ಟನ್ನೆಲ್ಲ ನೆನಪಿಡಬೇಕಿಲ್ಲ. ಕಿಲೋಮೀಟರನ್ನು ಏಳರಿಂದ ಗುಣಿಸಿ ಮೂವತ್ತು ಕೂಡಿಸಿ, ನಿಂತ ನಿಮಿಷಕ್ಕೆ ಮೂರರಂತೆ ಸೇರಿಸಿ. ನಗರದೊಳಗಿನ ಯಾವ ಓಡಾಟಕ್ಕೂ ಈ ಲೆಕ್ಕ ಹತ್ತು ಬಾಟ್ ಆಚೀಚೆಯಲ್ಲಿ ಸರಿಹೋಗುತ್ತದೆ. ನಮ್ಮವರು ಹೆಚ್ಚಾಗಿ ಇಳಿದುಕೊಳ್ಳುವ ಪ್ರತುನಾಮ್‌ನಿಂದ ಗ್ರ್ಯಾಂಡ್ ಪ್ಯಾಲೇಸ್‌ಗೆ ಆರೇಳು ಕಿಲೋಮೀಟರ್. ಇಪ್ಪತ್ತು ನಿಮಿಷ ಜಾಮ್‌ನಲ್ಲಿ ಸಿಕ್ಕಿದರೂ 140 ಬಾಟ್ ದಾಟಬಾರದು. ಹೊರಡುವ ಮೊದಲು ಮೊಬೈಲ್ ಮ್ಯಾಪ್‌ನಲ್ಲಿ ದೂರ ನೋಡಿ ಈ ಲೆಕ್ಕ ಹಾಕಿಕೊಂಡರೆ, ಡ್ರೈವರ್ ಹೇಳುವ ರೇಟು ನ್ಯಾಯವೋ ಅನ್ಯಾಯವೋ ಅಲ್ಲೇ ಗೊತ್ತಾಗುತ್ತದೆ. ರೂಪಾಯಿಗೆ ತಿರುಗಿಸಲು ಎರಡೂವರೆಯಿಂದ ಮೂರರವರೆಗಿನ ಸಂಖ್ಯೆಯಿಂದ ಗುಣಿಸಿಕೊಳ್ಳಿ.

ಬೆಂಗಳೂರಿನ ಆಟೋಗಳಿಗೆ ಒಗ್ಗಿಹೋದವರಿಗೆ ಒಂದು ಮಾತು: ಇಲ್ಲಿ ರಾತ್ರಿ 'ಒನ್ ಅಂಡ್ ಹಾಫ್' ಇಲ್ಲ. ಮಧ್ಯರಾತ್ರಿಯೂ ಹಗಲಿನದೇ ಮೀಟರ್. ತಲೆಗೆ ಇಷ್ಟು ಎಂಬ ಲೆಕ್ಕವೂ ಇಲ್ಲ. 'ನಾಲ್ಕು ಜನ ಇದ್ದೀರಿ, ರಾತ್ರಿಯಾಗಿದೆ' ಎಂದು ಹೆಚ್ಚು ಕೇಳಿದರೆ ಒಪ್ಪಬೇಡಿ.

ವಿಮಾನ ನಿಲ್ದಾಣದಲ್ಲಿ

ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿಳಿದವರು ಸಿಕ್ಕವರ ಹಿಂದೆ ಹೊರಟುಬಿಡುತ್ತಾರೆ.

ನಗರದ ದೊಡ್ಡ ವಿಮಾನ ನಿಲ್ದಾಣ ಸುವರ್ಣಭೂಮಿಯಲ್ಲಿ ಇಮಿಗ್ರೇಶನ್, ಕಸ್ಟಮ್ಸ್ ಮುಗಿಸಿ ನೀವು ಹೊರಬರುವುದು ಎರಡನೇ ಮಹಡಿಗೆ. ಅಲ್ಲಿ 'ಟ್ಯಾಕ್ಸಿ, ಟ್ಯಾಕ್ಸಿ' ಎಂದು ಹತ್ತಿರ ಬರುವ ಯಾರೂ ಸರದಿಯ ಟ್ಯಾಕ್ಸಿಯವರಲ್ಲ. ಕೌಂಟರ್ ಇಟ್ಟುಕೊಂಡ ಲಿಮೋಸಿನ್ ಸೇವೆ ಅಧಿಕೃತವೇ, ಆದರೆ ಮೀಟರ್ ಟ್ಯಾಕ್ಸಿಯ ಎರಡು ಮೂರು ಪಟ್ಟು ದರ. ಇವರ ಯಾರ ಜೊತೆಗೂ ಮಾತಿಗೆ ನಿಲ್ಲದೆ ಒಂದನೇ ಮಹಡಿಗೆ ಇಳಿದು, 'ಪಬ್ಲಿಕ್ ಟ್ಯಾಕ್ಸಿ' ಫಲಕ ಹಿಡಿದು ಹೊರಗೆ ಬನ್ನಿ. ಅಲ್ಲಿ ಚೀಟಿ ಕೊಡುವ ಯಂತ್ರಗಳಿವೆ. ಮಾಮೂಲಿ ಗಾಡಿ, ದೊಡ್ಡ ಗಾಡಿ, ಹತ್ತಿರದ ದೂರ ಎಂದು ಬೇರೆಬೇರೆ ಸಾಲುಗಳಿರುತ್ತವೆ. ಗುಂಡಿ ಒತ್ತಿದರೆ ಬರುವ ಚೀಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಕಟ್ಟೆಯಲ್ಲಿ ನಿಂತಿರುವುದೇ ನಿಮ್ಮ ಟ್ಯಾಕ್ಸಿ. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದರೆ ಮೊದಲೇ ದೊಡ್ಡ ಗಾಡಿಯ ಸಾಲಿಗೆ ಹೋಗಿ. ಇಲ್ಲಿನ ಅನೇಕ ಟ್ಯಾಕ್ಸಿಗಳು ಗ್ಯಾಸ್‌ನಲ್ಲಿ ಓಡುತ್ತವೆ. ಡಿಕ್ಕಿಯ ಅರ್ಧ ಜಾಗವನ್ನು ಸಿಲಿಂಡರೇ ತಿಂದಿರುತ್ತದೆ. ಸಾಮಾನು ಹಿಡಿಸದಿದ್ದಾಗಲೇ 'ಎರಡು ಗಾಡಿ ಬೇಕು' ಎಂಬ ತಗಾದೆ ಶುರುವಾಗುವುದು.

ಆ ಚೀಟಿಯಲ್ಲಿ ಡ್ರೈವರ್ ಹೆಸರು, ಗಾಡಿ ನಂಬರ್ ಇರುತ್ತವೆ. ದೂರು ಕೊಡಬೇಕಾಗಿ ಬಂದರೆ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ. ಕೆಲವರು 'ಅದು ನನಗೆ ಕೊಡಿ' ಎಂದು ಕೈ ಚಾಚುತ್ತಾರೆ. ತೋರಿಸಿ, ಕೊಡಬೇಡಿ. ಹೊರಡುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ವಿಮಾನ ನಿಲ್ದಾಣದ ಸರದಿಯಿಂದ ಹತ್ತಿದವರು ಮೀಟರ್ ಮೇಲೆ 50 ಬಾಟ್ ಕೊಡಬೇಕು. ಇದು ನಿಯಮದ ದರ, ಮೋಸವಲ್ಲ. ಮೀಟರ್‌ನಲ್ಲಿ ಕಾಣಿಸದ ಕಾರಣ ಕೊನೆಯಲ್ಲಿ ಡ್ರೈವರ್ ಬಾಯಲ್ಲಿ ಕೇಳುತ್ತಾರೆ. ಎಷ್ಟೋ ಜನ ಗೊತ್ತಿಲ್ಲದೆ ಇದಕ್ಕೇ ಜಗಳಕ್ಕಿಳಿಯುತ್ತಾರೆ. ಎಕ್ಸ್‌ಪ್ರೆಸ್‌ವೇ ಟೋಲ್ ಕೂಡ ಪ್ರಯಾಣಿಕರದ್ದೇ. ನಗರದ ದೊಡ್ಡ ರಸ್ತೆ ಸುಖುಮ್‌ವಿತ್ ಕಡೆಗೆ ಎರಡು ಕಡೆ ಸೇರಿ 75 ಬಾಟ್ ಆಸುಪಾಸು ಬರುತ್ತದೆ. ಟೋಲ್ ಹಣವನ್ನು ಮುಂಗಡವಾಗಿ ಒಟ್ಟಿಗೆ ಕೊಡಬೇಡಿ. ಬೂತ್ ಬಂದಾಗ, ಅಲ್ಲಿನ ಫಲಕದಲ್ಲಿ ಕಾಣುವ ಮೊತ್ತವನ್ನಷ್ಟೇ ಕೊಡಿ.

ಈಗ ಒಟ್ಟು ಲೆಕ್ಕ. ಸುವರ್ಣಭೂಮಿಯಿಂದ ಸುಖುಮ್‌ವಿತ್ ಸುಮಾರು 30 ಕಿಲೋಮೀಟರ್. ಮೀಟರ್ 245 ಆಗುತ್ತದೆ. ಇಪ್ಪತ್ತು ನಿಮಿಷ ಟ್ರಾಫಿಕ್ ಹಿಡಿದರೆ 305. ನಿಲ್ದಾಣದ 50, ಟೋಲ್ 75 ಸೇರಿ 430. 'ಐನೂರು ಫಿಕ್ಸ್, ಟೋಲ್ ಎಲ್ಲ ಸೇರಿ' ಎಂದರೆ ಸಂಜೆಯ ಜಾಮ್‌ನಲ್ಲಿ ಅದು ದೊಡ್ಡ ನಷ್ಟವೇನಲ್ಲ. 'ಆರುನೂರು, ಟೋಲ್ ಬೇರೆ' ಎಂದರೆ ಇಳಿದು ಇನ್ನೊಂದು ಚೀಟಿ ತೆಗೆದುಕೊಳ್ಳಿ.

ಒಬ್ಬರೋ ಇಬ್ಬರೋ ಇದ್ದು, ಸಾಮಾನು ಕಡಿಮೆ ಇದ್ದರೆ ನಮ್ಮ ಸಲಹೆ ರೈಲು. ಏರ್‌ಪೋರ್ಟ್ ರೈಲ್ ಲಿಂಕ್ ಕಟ್ಟಡದ ನೆಲಮಾಳಿಗೆಯಿಂದಲೇ ಹೊರಡುತ್ತದೆ. ಮಕ್ಕಸನ್‌ಗೆ 35 ಬಾಟ್, ಅಲ್ಲಿಂದ ಎಂಆರ್‌ಟಿ ಮೆಟ್ರೋ ಸಿಗುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 45 ಬಾಟ್, ಅರ್ಧ ಗಂಟೆಯ ದಾರಿ, ಅಲ್ಲಿಂದ ಬಿಟಿಎಸ್, ಅಂದರೆ ಮೇಲ್ಸೇತುವೆಯ ಮೆಟ್ರೋ. ಅಲ್ಲಿಗೆ ತಲುಪಿ, ಉಳಿದ ಎರಡು ಮೂರು ಕಿಲೋಮೀಟರ್‌ಗೆ ಟ್ಯಾಕ್ಸಿ ಹಿಡಿದರೆ 50 ಬಾಟ್ ಚಿಲ್ಲರೆ. ರೈಲು ಮಧ್ಯರಾತ್ರಿಯ ಹೊತ್ತಿಗೆ ನಿಂತು ಬೆಳಿಗ್ಗೆ ಐದೂವರೆ, ಆರರ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಬೆಂಗಳೂರಿನಿಂದ ಏರ್‌ಏಷ್ಯಾದಲ್ಲಿ ಹೋಗುವವರು ಇಳಿಯುವುದು ನಗರದ ಇನ್ನೊಂದು ವಿಮಾನ ನಿಲ್ದಾಣ ಡಾನ್ ಮುವಾಂಗ್‌ನಲ್ಲಿ. ಅಲ್ಲೂ ಸರದಿ ಟ್ಯಾಕ್ಸಿಗೆ 50 ಬಾಟ್ ಹೆಚ್ಚುವರಿ. ಎ1 ಬಸ್ ಹತ್ತಿದರೆ ಬಿಟಿಎಸ್ ನಿಲ್ದಾಣ ಇರುವ ಮೋ ಚಿತ್‌ಗೆ ಬಿಡುತ್ತದೆ.

ರಸ್ತೆಯಲ್ಲಿ ಹಿಡಿಯುವಾಗ

ನಿಂತ ಟ್ಯಾಕ್ಸಿ ಬೇಡ, ಓಡುತ್ತಿರುವ ಟ್ಯಾಕ್ಸಿ ಹಿಡಿಯಿರಿ. ಹೋಟೆಲ್ ಬಾಗಿಲಲ್ಲಿ, ಎಂಬಿಕೆ ಮಾಲ್ ಮುಂದೆ, ಖಾವೋ ಸಾನ್ ರಸ್ತೆಯ ತುದಿಯಲ್ಲಿ, ಗ್ರ್ಯಾಂಡ್ ಪ್ಯಾಲೇಸ್ ಗೋಡೆಯ ಪಕ್ಕ ಗಂಟೆಗಟ್ಟಲೆ ನಿಂತಿರುವವರು ಒಬ್ಬ ವಿದೇಶಿ ಗಿರಾಕಿಯಿಂದ ನಾಲ್ಕು ಟ್ರಿಪ್‌ನ ಹಣ ಎತ್ತಲೆಂದೇ ಕಾಯುತ್ತಿರುತ್ತಾರೆ. ಅಲ್ಲಿಂದ ನೂರು ಮೀಟರ್ ನಡೆದು ಮುಖ್ಯರಸ್ತೆಗೆ ಬಂದರೆ ಸಾಕು, ಚಿತ್ರವೇ ಬದಲಾಗುತ್ತದೆ. ಮುಂದಿನ ಗಾಜಿನ ಒಳಗೆ ಕೆಂಪು ದೀಪದ ಥಾಯ್ ಅಕ್ಷರ ಹೊಳೆಯುತ್ತಿದ್ದರೆ ಗಾಡಿ ಖಾಲಿ ಇದೆ ಎಂದರ್ಥ. ಹಸಿರು-ಹಳದಿ ಬಣ್ಣದ್ದು ಡ್ರೈವರ್‌ನದೇ ಸ್ವಂತ ಗಾಡಿ. ಗುಲಾಬಿ, ನೀಲಿ, ಕಿತ್ತಳೆಯಂಥ ಒಂದೇ ಬಣ್ಣದವು ಕಂಪನಿ ಅಥವಾ ಸಹಕಾರ ಸಂಘದವು, ಬಾಡಿಗೆಗೆ ಪಡೆದು ಓಡಿಸುವಂಥವು. ಬಣ್ಣ ನೋಡಿ ಪ್ರಾಮಾಣಿಕತೆ ಅಳೆಯಲಾಗದು.

ಯಾವ ಬದಿಯಲ್ಲಿ ನಿಲ್ಲುತ್ತೀರಿ ಎಂಬುದೂ ದುಡ್ಡಿನ ವಿಷಯವೇ. ಇಲ್ಲಿನ ದೊಡ್ಡ ರಸ್ತೆಗಳಲ್ಲಿ ಯು-ಟರ್ನ್ ಬಹಳ ದೂರ. ಸುಖುಮ್‌ವಿತ್‌ನಲ್ಲಿ ಬೆಸ ಸಂಖ್ಯೆಯ ಸೋಯ್‌ಗಳು, ಅಂದರೆ ಅಡ್ಡರಸ್ತೆಗಳು, ಉತ್ತರ ಬದಿಗೆ. ಸಮ ಸಂಖ್ಯೆಯವು ದಕ್ಷಿಣ ಬದಿಗೆ. ಬಿಟಿಎಸ್ ಮೇಲ್ಸೇತುವೆ ಹತ್ತಿ, ನೀವು ಹೋಗಬೇಕಾದ ದಿಕ್ಕಿಗೆ ವಾಹನಗಳು ಓಡುವ ಬದಿಗೆ ಇಳಿದು ನಿಂತರೆ ಹತ್ತು ನಿಮಿಷ ಉಳಿಯುತ್ತದೆ, ಡ್ರೈವರ್ ಒಪ್ಪುವುದೂ ಸುಲಭ.

ಗಾಡಿ ನಿಂತಮೇಲೆ ಮಾಡಬೇಕಾದ್ದು ಇಷ್ಟು. ಹಿಂಬಾಗಿಲು ತೆಗೆಯಿರಿ, ಕೂರಬೇಡಿ. ಜಾಗದ ಹೆಸರು ಹೇಳಿ ಅಥವಾ ಥಾಯ್ ಲಿಪಿಯಲ್ಲಿ ತೋರಿಸಿ. ಅವರು ತಲೆಯಾಡಿಸಿದ ಮೇಲೆ 'ಮೀಟರ್' ಎಂದು ಕೇಳಿ; ಥಾಯ್‌ನಲ್ಲಿ ಕೇಳುವುದಾದರೆ ಗಂಡಸರು 'ಪೇತ್ ಮೀತೇ ಖ್ರಪ್', ಹೆಂಗಸರು 'ಪೇತ್ ಮೀತೇ ಖಾ'. ಹೂಂ ಎಂದರೆ ಕೂತುಕೊಳ್ಳಿ. ಗುಂಡಿ ಒತ್ತಿ 35 ಮೂಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ಬಾಗಿಲು ಹಾಕಿ. ಸಂಖ್ಯೆ ಹೇಳಿ ಚೌಕಾಸಿಗೆ ಕರೆದರೆ ನಗುಮುಖದಿಂದಲೇ ಬಾಗಿಲು ಮುಚ್ಚಿ ಹಿಂದೆ ಸರಿಯಿರಿ. ಚೌಕಾಸಿಯಲ್ಲಿ 400 ಅನ್ನು 250ಕ್ಕೆ ಇಳಿಸಿದವರು ಗೆದ್ದೆವೆಂದುಕೊಳ್ಳುತ್ತಾರೆ, ಮೀಟರ್ ಹಾಕಿದ್ದರೆ 120 ಆಗುತ್ತಿತ್ತು. ಹಿಂದೆ ಇನ್ನೊಂದು ಟ್ಯಾಕ್ಸಿ ಬರುತ್ತಲೇ ಇರುತ್ತದೆ. ಮೂರು ನಾಲ್ಕು ಜನ ಒಲ್ಲೆ ಎಂದರೂ ಬೇಸರಿಸಬೇಡಿ.

ಒಲ್ಲೆ ಎನ್ನುವವರೆಲ್ಲ ಮೋಸಗಾರರೂ ಅಲ್ಲ. ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ಪಾಳಿ ಬದಲಾಗುತ್ತದೆ. ಬಾಡಿಗೆ ಗಾಡಿ ಹಿಂದಿರುಗಿಸುವ ಹೊತ್ತಿಗೆ ಊರಿನ ಇನ್ನೊಂದು ಮೂಲೆಗೆ ಬರಲು ಅವರಿಗೆ ಆಗುವುದಿಲ್ಲ. ಮೀಟರ್ ಟ್ಯಾಕ್ಸಿ ಬಂದದ್ದು 1992ರಲ್ಲಿ, ಆಗಲೂ ಆರಂಭದ ದರ 35 ಬಾಟೇ. ಮೂವತ್ತು ವರ್ಷ ದಾಟಿದರೂ ಆ ಅಂಕಿ ಅಲ್ಲೇ ನಿಂತಿದೆ. ಗಾಡಿ ಬಾಡಿಗೆ, ಗ್ಯಾಸ್ ಕಳೆದು ಕೈಗೆ ಉಳಿಯುವುದು ಎಷ್ಟೆಂದು ಯೋಚಿಸಿದರೆ, ಜಾಮ್ ಇರುವ ಕಡೆಗೆ ಅವರು ಮುಖ ಸಿಂಡರಿಸುವುದು ಅರ್ಥವಾಗುತ್ತದೆ. ಮೀಟರ್ ಹಾಕಿ ನೆಟ್ಟಗೆ ಕರೆದುಕೊಂಡು ಹೋದವರಿಗೆ 87 ಆದಲ್ಲಿ 100 ಕೊಟ್ಟು ಬನ್ನಿ. ಅದು ಅವರಿಗೆ ಸಲ್ಲಬೇಕಾದದ್ದು.

ಮಳೆ ಸುರಿಯುವಾಗ, ಸಂಜೆ ನಾಲ್ಕರಿಂದ ಏಳರವರೆಗೆ ಮೀಟರ್ ಟ್ಯಾಕ್ಸಿಗಾಗಿ ಕಾಯುವುದೇ ವ್ಯರ್ಥ. ಮೆಟ್ರೋ ಹಿಡಿಯಿರಿ, ಇಲ್ಲವೇ ಕಾರು ಕರೆಸುವ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್ ನೋಡಿ. ಆ್ಯಪ್‌ಗಳನ್ನು ಊರಿನಲ್ಲೇ ಹಾಕಿಕೊಂಡು, ಒಟಿಪಿ ದೃಢೀಕರಣ ನಿಮ್ಮ ಭಾರತದ ನಂಬರಿನಲ್ಲೇ ಮುಗಿಸಿ ಹೊರಡಿ. ಅಲ್ಲಿಗೆ ಹೋಗಿ ಸಿಮ್ ಬದಲಿಸಿದ ಮೇಲೆ ಒಟಿಪಿ ಬಾರದೆ ಒದ್ದಾಡುವವರು ಬಹಳ. ಆ್ಯಪ್ ತೋರಿಸುವ ದರದಲ್ಲಿ ಟೋಲ್ ಸೇರಿರುವುದಿಲ್ಲ.

ಕೂತಮೇಲೆ ಗಮನಿಸಬೇಕಾದ್ದು

ವಿಳಾಸ ಥಾಯ್ ಲಿಪಿಯಲ್ಲಿ ಇರಲಿ. ಇಂಗ್ಲಿಷ್ ಮ್ಯಾಪ್ ಓದಲಾಗದ ಡ್ರೈವರ್‌ಗಳು ಅನೇಕರು, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಾರಿ ತಪ್ಪಿ ಸುತ್ತುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹೋಟೆಲಿನ ಕಾರ್ಡ್ ಜೇಬಿನಲ್ಲಿಟ್ಟುಕೊಳ್ಳಿ. ಅದರ ಮೇಲಿನ ಫೋನ್ ನಂಬರಿಗೆ ಡ್ರೈವರ್ ತಾವೇ ಕರೆ ಮಾಡಿ ದಾರಿ ಕೇಳಿಕೊಳ್ಳುತ್ತಾರೆ.

ಕೆಲವು ಮೀಟರ್‌ಗಳು ಇರಬೇಕಾದ್ದಕ್ಕಿಂತ ವೇಗವಾಗಿ ಓಡುತ್ತವೆ. ಪತ್ತೆ ಮಾಡುವುದು ಸಿಗ್ನಲ್‌ನಲ್ಲಿ ನಿಂತಾಗ: ನಿಂತ ಗಾಡಿಯಲ್ಲಿ ನಿಮಿಷಕ್ಕೆ 3 ಬಾಟ್‌ಗಿಂತ ಹೆಚ್ಚು ಏರಿದರೆ ಏನೋ ಎಡವಟ್ಟಿದೆ. ತಕ್ಷಣ ಜನ ಓಡಾಡುವ ಜಾಗದಲ್ಲಿ ನಿಲ್ಲಿಸಿ ಇಳಿಯಿರಿ. ಎಕ್ಸ್‌ಪ್ರೆಸ್‌ವೇ ಮೇಲೆ ಮಾತ್ರ ಇಳಿಯುವ ಮಾತೆತ್ತಬೇಡಿ.

ನೋಟುಗಳ ಬಗ್ಗೆ ಎಚ್ಚರ. 20 ಹಸಿರು, 50 ನೀಲಿ, 100 ಕೆಂಪು, 500 ನೇರಳೆ, 1000 ಕಂದು. ಸಾವಿರದ ನೋಟು ಕೊಟ್ಟರೆ ಚಿಲ್ಲರೆ ಇಲ್ಲ ಎನ್ನುತ್ತಾರೆ, ಕೆಲವೊಮ್ಮೆ ನಿಜವಾಗಿಯೂ ಇರುವುದಿಲ್ಲ. ಹೆಜ್ಜೆಹೆಜ್ಜೆಗೂ ಸಿಗುವ ಸೆವೆನ್ ಇಲೆವೆನ್ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ಕೊಂಡು ನೋಟು ಮುರಿಸಿಟ್ಟುಕೊಳ್ಳಿ. ಇಳಿಯುವಾಗ ಒಬ್ಬರು ಸೀಟಿನಲ್ಲೇ ಕೂತಿರಲಿ, ಇನ್ನೊಬ್ಬರು ಡಿಕ್ಕಿಯಿಂದ ಸಾಮಾನು ಇಳಿಸಲಿ. ದುಡ್ಡು ಕೊಡುವುದು ಅದಾದಮೇಲೆ.

ತಕರಾರು ಬಂದರೆ ದನಿ ಏರಿಸಬೇಡಿ. ಥಾಯ್ ಜನರ ನಡುವೆ ಕೂಗಾಡಿದವರ ಪರ ಯಾರೂ ನಿಲ್ಲುವುದಿಲ್ಲ. ಹೋಟೆಲ್ ಬಾಗಿಲಿಗೇ ಹೋಗಿ ನಿಲ್ಲಿಸಿ, ರಿಸೆಪ್ಷನ್‌ನವರನ್ನು ಕರೆಯಿರಿ; ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. ಹಳದಿ ನಂಬರ್ ಪ್ಲೇಟಿನ ಫೋಟೋ, ಡ್ಯಾಶ್‌ಬೋರ್ಡಿನಲ್ಲಿರುವ ಡ್ರೈವರ್ ಕಾರ್ಡಿನ ಫೋಟೋ ಇಟ್ಟುಕೊಂಡು ಭೂಸಾರಿಗೆ ಇಲಾಖೆಯ 1584ಕ್ಕೆ ದೂರು ಕೊಡಬಹುದು. ಇಂಗ್ಲಿಷ್‌ನಲ್ಲಿ ಮಾತಾಡಬೇಕಿದ್ದರೆ, ಬೆದರಿಕೆ ಇದ್ದರೆ, ಟೂರಿಸ್ಟ್ ಪೊಲೀಸ್ 1155.

ಟುಕ್ ಟುಕ್‌ಗೆ, ಅಂದರೆ ಇಲ್ಲಿನ ಆಟೋಗೆ, ಮೀಟರೇ ಇಲ್ಲ. ಒಂದು ಸಲ ಖುಷಿಗೆ ಹತ್ತಿ, ಹತ್ತುವ ಮೊದಲೇ ಒಟ್ಟು ಎಷ್ಟೆಂದು ಬೆರಳು ಎಣಿಸಿ ತೀರ್ಮಾನಿಸಿಕೊಳ್ಳಿ. '20 ಬಾಟ್‌ಗೆ ಊರೆಲ್ಲ ತೋರಿಸುತ್ತೇನೆ' ಎಂದವರು ಕರೆದೊಯ್ಯುವುದು ಕಮಿಷನ್ ಸಿಗುವ ರತ್ನದ ಅಂಗಡಿ, ಟೈಲರ್ ಅಂಗಡಿಗೆ. 'ಗ್ರ್ಯಾಂಡ್ ಪ್ಯಾಲೇಸ್ ಇವತ್ತು ಮುಚ್ಚಿದೆ' ಎಂದು ದಾರಿಯಲ್ಲಿ ಹೇಳುವವರೂ ಅದೇ ಜಾಲದವರು. ಅರಮನೆ ತೆರೆದಿದೆಯೋ ಇಲ್ಲವೋ ಗೇಟಿನವರೆಗೆ ಹೋಗಿ ನೋಡಿ. ಅಲ್ಲಿಗೆ ಟ್ಯಾಕ್ಸಿಯೇ ಬೇಕಿಲ್ಲ: ಸನಾಮ್ ಚಾಯ್ ಎಂಆರ್‌ಟಿ ನಿಲ್ದಾಣದಿಂದ ನಡೆಯಬಹುದು, ಬಿಟಿಎಸ್ ಸಫಾನ್ ತಾಕ್ಸಿನ್‌ನಲ್ಲಿ ಇಳಿದು ಕಿತ್ತಳೆ ಬಾವುಟದ ದೋಣಿಯಲ್ಲೂ ಹೋಗಬಹುದು.

ಊರಿಗೆ ಹೊರಡುವ ದಿನ ನಗರದಿಂದ ವಿಮಾನ ನಿಲ್ದಾಣಕ್ಕೆ ಹೋಗುವಾಗ ಆ 50 ಬಾಟ್ ಹೆಚ್ಚುವರಿ ಇಲ್ಲ. ಅದು ನಿಲ್ದಾಣದ ಸರದಿಯಿಂದ ಹತ್ತಿದವರಿಗೆ ಮಾತ್ರ. ಹೋಟೆಲಿನವರು ಕರೆಸಿಕೊಡುವ ಗಾಡಿಗೆ ಗೊತ್ತುಮಾಡಿದ ದರ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಸುವರ್ಣಭೂಮಿಯೋ ಡಾನ್ ಮುವಾಂಗೋ ಎಂದು ಡ್ರೈವರ್‌ಗೆ ಎರಡು ಸಲ ಹೇಳಿ; ಒಂದು ಊರಿನ ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ. ಸುವರ್ಣಭೂಮಿಯಾದರೆ ನಿರ್ಗಮನ ನಾಲ್ಕನೇ ಮಹಡಿಯಲ್ಲಿ. ಉಳಿದ ಬಾಟ್‌ನಲ್ಲಿ ಟೋಲ್‌ಗೆಂದು ನೂರರ ಚಿಲ್ಲರೆಯನ್ನು ಗಾಡಿ ಇಳಿಯುವವರೆಗೂ ಖರ್ಚು ಮಾಡದೆ ಇಟ್ಟುಕೊಂಡಿರಿ.