ಟೂಲ್ ಬಾಕ್ಸ್ ತಗೊಳ್ಳೋ ಮುಂಚೆ ಸಾಮಾನೆಲ್ಲ ನೆಲಕ್ಕೆ ಹರಡಿ

ಟೂಲ್ ಬಾಕ್ಸ್ ಬೇಕು ಅಂತ ಅಂಗಡಿಗೆ ಹೊರಡೋ ಮುಂಚೆ ಮನೇಲಿರೋ ಟೂಲ್ಸ್ ಎಲ್ಲಾನೂ, ಅಂದ್ರೆ ಅಟ್ಟದ ಮೇಲಿರೋದು, ಅಡುಗೆಮನೆ ಡ್ರಾಯರ್‌ನಲ್ಲಿ ಬಿದ್ದಿರೋ ಸ್ಕ್ರೂಡ್ರೈವರ್, ಬೈಕ್ ಸೀಟ್ ಕೆಳಗಿರೋ ಸ್ಪ್ಯಾನರ್ ಕೂಡ ಸೇರಿಸಿ, ಒಂದು ಹಳೇ ಬೆಡ್‌ಶೀಟ್ ಮೇಲೆ ಹರಡಿ. ಅದರಲ್ಲಿ ಎಲ್ಲಕ್ಕಿಂತ ಉದ್ದ ಯಾವ್ದು, ಎಲ್ಲಕ್ಕಿಂತ ಭಾರ ಯಾವ್ದು ಅಂತ ನೋಡಿ ಅವೆರಡನ್ನ ಪಕ್ಕಕ್ಕಿಡಿ. ಬಾಕ್ಸ್ ಸೈಜ್ ತೀರ್ಮಾನ ಆಗೋದು ಅವೆರಡರಿಂದ. ಬಣ್ಣ, ಎಷ್ಟು ಟ್ರೇ ಇದೆ, ಯಾವ ಕಂಪನಿ ಅನ್ನೋದೆಲ್ಲ ಆಮೇಲಿನ ಮಾತು.

ಹೆಚ್ಚಿನ ಮನೆಗಳಲ್ಲಿ ಉದ್ದದ ಸಾಮಾನು ಅಂದ್ರೆ ಹ್ಯಾಕ್ಸಾ, ಅಂದ್ರೆ ಕಬ್ಬಿಣ ಕೊಯ್ಯೋ ಗರಗಸದ ಫ್ರೇಮ್. ಬ್ಲೇಡ್ 12 ಇಂಚು ಅಂತ ನಾವು 13 ಇಂಚಿನ ಬಾಕ್ಸ್ ಸಾಕು ಅಂದ್ಕೋತೀವಿ, ಆದ್ರೆ ಹಿಡಿ ಸೇರಿದ್ರೆ ಫ್ರೇಮ್ 16 ಇಂಚಿನ ಹತ್ರ ಹೋಗುತ್ತೆ, ಕೆಲವು ಅದಕ್ಕೂ ಜಾಸ್ತಿ. ಜೊತೆಗೆ ಬಾಕ್ಸ್ ಮೇಲೆ 16, 19 ಅಂತ ಬರೆದಿರೋದು ಸಾಮಾನ್ಯವಾಗಿ ಹೊರಗಿನ ಅಳತೆ, ಒಳಗೆ ಒಂದು ಇಂಚಾದ್ರೂ ಕಮ್ಮಿ ಸಿಗುತ್ತೆ, ಗೋಡೆ ಓರೆಯಾಗಿದ್ರೆ ತಳದಲ್ಲಿ ಇನ್ನೂ ಕಮ್ಮಿ. ಹಾಗಾಗಿ ಟೇಪ್ ಜೊತೆಗೆ ಆ ಉದ್ದದ ಟೂಲನ್ನೇ ಚೀಲದಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗಿ, ಒಳಗಿಟ್ಟು ಮುಚ್ಚಳ ಹಾಕಿ ನೋಡಿ. ಆನ್‌ಲೈನ್‌ನಲ್ಲಿ ತಗೊಳ್ಳೋರು ಒಳಗಿನ ಅಳತೆ ಕೊಟ್ಟಿದ್ದಾರಾ ಅಂತ ಹುಡುಕಿ, ಕೊಟ್ಟಿಲ್ಲ ಅಂದ್ರೆ ಒಂದು ಸೈಜ್ ದೊಡ್ಡದು ತಗೊಳ್ಳೋದು ವಾಸಿ.

ಭಾರದ ವಿಷ್ಯ ಜನ ಯೋಚನೆನೇ ಮಾಡಲ್ಲ. 14 ಇಂಚಿನ ಒಂದು ಪೈಪ್ ರೆಂಚ್ ಒಂದೂವರೆ ಕೆಜಿ ಮೇಲೇ ಇರುತ್ತೆ, ಡ್ರಿಲ್ ಮಷೀನ್ ಒಂದು ಅಷ್ಟೇ, ಸುತ್ತಿಗೆ, ಸ್ಪ್ಯಾನರ್ ಸೆಟ್ ಸೇರಿದ್ರೆ ಎಂಟು ಹತ್ತು ಕೆಜಿ ಆರಾಮಾಗಿ ಆಗುತ್ತೆ. ಇದನ್ನ ನೀವು ಹೇಗೆ ಒಯ್ತೀರಿ ಅನ್ನೋದು ಮುಖ್ಯ. ಮನೇಲೇ ಒಂದು ಮೂಲೇಲಿ ಇಡೋದಾದ್ರೆ ಏನಾದ್ರೂ ಆಗ್ಲಿ. ಬಸ್ಸಲ್ಲಿ, ಬೈಕಲ್ಲಿ ಕೆಲಸಕ್ಕೆ ಹೋಗೋರಿಗೆ ಕಬ್ಬಿಣದ ಐದು ಟ್ರೇ ಬಾಕ್ಸ್ ದಯವಿಟ್ಟು ಬೇಡ, ಅದು ಖಾಲಿ ಇದ್ದಾಗಲೇ ನಾಲ್ಕೈದು ಕೆಜಿ ತೂಗುತ್ತೆ, ಪೆಟ್ರೋಲ್ ಟ್ಯಾಂಕ್ ಮೇಲಿಟ್ಕೊಂಡ್ರೆ ಹ್ಯಾಂಡಲ್ ತಿರುಗಿಸೋಕೂ ಆಗಲ್ಲ, ಹಂಪ್ ಬಂದಾಗೆಲ್ಲ ಒಳಗಿರೋದೆಲ್ಲ ಒಂದಕ್ಕೊಂದು ಹೊಡ್ಕೊಳ್ಳುತ್ತೆ. ಅವರಿಗೆ ದಪ್ಪ ಕ್ಯಾನ್ವಾಸ್ ಬ್ಯಾಗೇ ಸರಿ, ಅದರಲ್ಲೂ ಹೆಗಲಿಗೆ ಹಾಕೋ ಅಗಲ ಪಟ್ಟಿ, ತಳಕ್ಕೆ ಗಟ್ಟಿ ಪ್ಲಾಸ್ಟಿಕ್ ಇರೋದು. ತಳ ಮೆತ್ತಗಿದ್ರೆ ಸ್ಕ್ರೂಡ್ರೈವರ್ ತುದಿ ಬೇಗ ತೂತು ಮಾಡ್ಕೊಂಡು ಹೊರಗೆ ಬರುತ್ತೆ.

ಎಲೆಕ್ಟ್ರಿಷಿಯನ್ ಕೆಲಸ ಮಾಡೋರಿಗೆ ಒಂದು ಮಾತು ಬಿಡಿಸಿ ಹೇಳ್ಬೇಕು, ಇದು ಪ್ರಾಣದ ವಿಷ್ಯ. 1000 ವೋಲ್ಟ್ ಅಂತ ಬರೆದು ಎರಡು ತ್ರಿಕೋನದ ಗುರುತು ಹಾಕಿರ್ತಾರಲ್ಲ, ಆ ಇನ್ಸುಲೇಶನ್ (ಕರೆಂಟ್ ತಡೆಯೋ ಹೊದಿಕೆ) ಇರೋ ಪ್ಲೈಯರ್, ಸ್ಕ್ರೂಡ್ರೈವರ್‌ಗಳನ್ನ ಉಳಿ, ಸ್ಪ್ಯಾನರ್, ಗರಗಸದ ಜೊತೆ ಒಂದೇ ಖಾನೆಯಲ್ಲಿ ಹಾಕ್ಬೇಡಿ. ಉಜ್ಜಿ ಉಜ್ಜಿ ಆ ಹೊದಿಕೆ ಸಣ್ಣದಾಗಿ ಸೀಳುತ್ತೆ, ಕಣ್ಣಿಗೆ ಕಾಣಲ್ಲ, ಕಾಣ್ದೇ ಇರೋದೇ ಅಪಾಯ. ಅವಕ್ಕೆ ಅಂತಾನೇ ಬೇರೆ ಬೇರೆ ಜೇಬು ಇರೋ ಬ್ಯಾಗ್ ತಗೊಳ್ಳಿ, ಮಲ್ಟಿಮೀಟರ್‌ಗೆ ಮೆತ್ತನೆ ಜಾಗ ಬೇಕು. ಕಬ್ಬಿಣದ ಬಾಕ್ಸ್ ತೆಗೆದ್ಕೊಂಡು ಹೋಗಿ ಬಾಗಿಲು ತೆಗೆದಿರೋ ಪ್ಯಾನಲ್ ಪಕ್ಕದಲ್ಲೇ ಬಿಚ್ಚಿಡೋದನ್ನ ನೋಡಿದ್ದೀನಿ, ಲೋಹದ ಪೆಟ್ಟಿಗೆ ಅದು, ಕರೆಂಟ್ ಹರಿಯುತ್ತೆ, ಅಲ್ಲಿಗೆ ಪ್ಲಾಸ್ಟಿಕ್ ಇಲ್ಲಾ ಬಟ್ಟೆದೇ ಇರ್ಲಿ.

ಮರಗೆಲಸದವರಿಗೆ ಬಾಕ್ಸ್‌ಗಿಂತ ಮೊದ್ಲು ಬೇಕಾಗಿರೋದು ಸುತ್ತಿಡೋ ರೋಲ್. ಉಳಿ ಬಾಯಿ ಇನ್ನೊಂದು ಕಬ್ಬಿಣಕ್ಕೆ ತಾಗಿದ್ರೆ ಅಷ್ಟು ಹೊತ್ತು ಮಸೆದಿದ್ದು ದಂಡ. ಬೈಕ್ ಸೀಟ್ ಹೊಲಿಯೋರ ಹತ್ರ ದಪ್ಪ ರೆಕ್ಸಿನ್ ಕೊಟ್ಟು ನಿಮ್ಮ ಉಳಿಗಳ ಅಗಲಕ್ಕೆ ಸರಿಯಾಗಿ ಜೇಬು ಹೊಲಿಸ್ಕೊಳ್ಳಿ, ಚೆನ್ನಾಗಿ ಬರುತ್ತೆ. ರೋಲನ್ನ ಹಾಗೇ ದೊಡ್ಡ ಬಾಕ್ಸ್ ತಳದಲ್ಲಿ ಇಡಬಹುದು.

ಈಗ ಮೆಕ್ಯಾನಿಕ್‌ಗಳ, ಪ್ಲಂಬರ್‌ಗಳ ವಿಷ್ಯ, ಅಂದ್ರೆ ಗಾಡೀಲಿ ಸಾಮಾನು ಒಯ್ಯೋರು ಅಥವಾ ಶೆಡ್ ಇರೋರು. ಇವರಿಗೆ ಎರಡೂ ಕಡೆ ಬಿಚ್ಚಿಕೊಳ್ಳೋ ಆ ಕಬ್ಬಿಣದ ಟ್ರೇ ಬಾಕ್ಸ್ ನಿಜವಾಗ್ಲೂ ಒಳ್ಳೇದು, ತಪಾರಿಯಾ ಕಂಪನಿದು ಹೆಚ್ಚಿನ ಊರಲ್ಲೂ ಸಿಗುತ್ತೆ, ಬೆಂಗಳೂರಿನ ಎಸ್‌ಜೆಪಿ ರೋಡ್‌ನ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದ್ರೆ ಹತ್ತಾರು ಥರ ನೋಡಬಹುದು. ಆದ್ರೆ ಬಿಚ್ಚಿದಾಗ ಅದಕ್ಕೆ ಮುಚ್ಚಿದ್ದಕ್ಕಿಂತ ಎರಡು ಪಟ್ಟು ಅಗಲದ ಜಾಗ ಬೇಕು, ಸಿಂಕ್ ಕೆಳಗೆ, ಇಕ್ಕಟ್ಟಿನ ಬಾತ್‌ರೂಮ್‌ನಲ್ಲಿ ಬಿಚ್ಚೋಕೇ ಆಗಲ್ಲ. ಭಾರದ್ದೆಲ್ಲ ತಳಕ್ಕೆ, ಸಣ್ಣದು ಮೇಲಿನ ಟ್ರೇಗೆ, ತಪ್ಪಿ ಮೇಲೆ ಭಾರ ಹಾಕಿ ಒಂದೇ ಕಡೆ ಬಿಚ್ಚಿದ್ರೆ ವಾಲಿ ಬೀಳುತ್ತೆ. ತಗೊಳ್ಳುವಾಗ ಅಂಗಡಿಯವರನ್ನೇ ಕೇಳಿ ಒಳಗೆ ಏನಾದ್ರೂ ಭಾರ ಹಾಕಿಸಿ ಹ್ಯಾಂಡಲ್ ಹಿಡಿದು ಎತ್ತಿ, ಟ್ರೇಗಳನ್ನ ಬಿಚ್ಚಿ ಮುಚ್ಚಿ, ರಿವಿಟ್ ಲೊಡಲೊಡ ಅಂದ್ರೆ ಬಿಡಿ, ಬೆರಳಿನಿಂದ ಅಂಚು ಸವರಿ ನೋಡಿ ಚೂಪು ಇದ್ಯಾ ಅಂತ.

ಇನ್ನೊಂದು ದಾರಿ ಇದೆ, ಈಗ ಜನ ಮರೀತಾ ಇದಾರೆ. ಟ್ರಂಕ್ ಮಾಡೋರು ಇನ್ನೂ ಎಷ್ಟೋ ಊರಿನ ಪೇಟೆಯಲ್ಲಿ ಇದಾರೆ, ಅವರ ಹತ್ರ ನಿಮ್ಮ ಅಳತೆಗೇ ಮಾಡಿಸ್ಕೋಬಹುದು, ಗಾಡಿ ಡಿಕ್ಕಿಗೆ ಕೂರೋ ಹಾಗೆ, ರೆಂಚ್ ಉದ್ದಕ್ಕೆ ಸರಿಯಾಗಿ. ಶೀಟ್ ಗೇಜ್ ಎಷ್ಟು ಅಂತ ಮಾತ್ರ ಕೇಳಿ, ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ, 20 ಗೇಜ್ ಅಂದ್ರೆ 0.9 ಮಿಲಿಮೀಟರ್ ಹತ್ತಿರ, 24 ಅಂದ್ರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಮೇಲೆ ಕೂತ್ರೆ ತಗ್ಗು ಬೀಳುತ್ತೆ. ಬರೀ ಟೂಲ್ಸ್ ಇಡೋಕೆ 22 ಸಾಕು, ಅದರ ಮೇಲೆ ನಿಂತು ಕೆಲಸ ಮಾಡೋ ಅಭ್ಯಾಸ ಇದ್ರೆ 20.

ಮನೆ ಬಳಕೆಗೆ 19 ಇಂಚಿನ ಪ್ಲಾಸ್ಟಿಕ್ ಬಾಕ್ಸ್ ಧಾರಾಳ ಆಯ್ತು, ಹ್ಯಾಕ್ಸಾ ಇಲ್ಲ ಅಂದ್ರೆ 16 ಸಾಕು. ಅದರಲ್ಲಿ ಮೊದ್ಲು ಹೋಗೋದು ಚಿಲಕ. ಲೋಹದ ಚಿಲಕ, ಉದ್ದಕ್ಕೆ ಕಬ್ಬಿಣದ ಕಡ್ಡಿ ಹಾಕಿರೋ ಹಿಂಜ್ ಇದ್ಯಾ ನೋಡಿ, ಮುಚ್ಚಳದ ನಡುವೆ ಅಂಗೈಯಿಂದ ಒತ್ತಿ ನೋಡಿ. ಬಾಲ್ಕನಿ ಬಿಸಿಲಲ್ಲಿ ಇಡ್ಬೇಡಿ, ಕಾಲ ಕಳೆದಂಗೆ ಪ್ಲಾಸ್ಟಿಕ್ ಪೆಡಸಾಗಿ ಸಿಡಿಯುತ್ತೆ. ಸ್ಕ್ರೂ, ವಾಷರ್, ಗೋಡೆಗೆ ಹಾಕೋ ಪ್ಲಾಸ್ಟಿಕ್ ಗಿಟ್ಟಿ ಇವಕ್ಕೆ ಪಾರದರ್ಶಕ ಮುಚ್ಚಳದ ಚಿಕ್ಕ ಆರ್ಗನೈಸರ್ ಬೇರೆ ತಗೊಳ್ಳಿ, ಒಂದಷ್ಟು ವಾಷರ್ ಹಾಕಿ ಮುಚ್ಚಿ ತಲೆಕೆಳಗೆ ಮಾಡಿ ಅಲ್ಲಾಡಿಸಿ, ಒಂದು ಖಾನೆಯಿಂದ ಇನ್ನೊಂದಕ್ಕೆ ಹಾರಿದ್ರೆ ಅದು ಬೇಡ.

ಮಂಗಳೂರು, ಉಡುಪಿ, ಕಾರವಾರ ಕಡೆಯವರು, ಮಲೆನಾಡಿನವರು ತುಕ್ಕಿನ ಲೆಕ್ಕ ಮೊದಲೇ ಹಾಕ್ಬೇಕು. ಕರಾವಳಿ ಗಾಳಿಗೆ ಕಬ್ಬಿಣದ ಬಾಕ್ಸ್‌ನ ಕೀಲು, ಬಣ್ಣ ಗೀಚಿದ ಜಾಗ ಮೊದ್ಲು ಹಿಡಿಯುತ್ತೆ, ಅಲ್ಲಿ ಪ್ಲಾಸ್ಟಿಕ್ ವಾಸಿ. ದುಡ್ಡು ಹಾಕೋಕೆ ಆಗುತ್ತೆ ಅಂದ್ರೆ ರಬ್ಬರ್ ಸೀಲ್ ಇರೋ ಐಪಿ 65 ರೇಟಿಂಗ್‌ದು, ಅಂದ್ರೆ ಧೂಳು ಒಳಗೆ ಹೋಗಲ್ಲ, ನೀರು ಚಿಮ್ಮಿದ್ರೂ ತಡೆಯುತ್ತೆ. ಆದ್ರೆ ಸೀಲ್ ಇರೋ ಬಾಕ್ಸ್‌ಗೆ ಒದ್ದೆ ಟೂಲ್ ಹಾಕಿ ಮುಚ್ಚಿದ್ರೆ ಆ ತೇವ ಹೊರಗೂ ಹೋಗಲ್ಲ, ಒರೆಸಿ ಹಾಕಿ. ತಳಕ್ಕೆ ಸ್ಪಂಜ್ ಹಾಸ್ಬೇಡಿ, ನೀರು ಹೀರಿ ಇಟ್ಕೊಳ್ಳುತ್ತೆ, ರಬ್ಬರ್ ಮ್ಯಾಟ್ ತುಂಡು ಸಾಕು. ಜೂನ್‌ಗೆ ಮುಂಚೆ ಸ್ಪ್ಯಾನರ್, ಉಳಿಗಳಿಗೆ ಹೊಲಿಗೆ ಮಷೀನ್ ಎಣ್ಣೆ ಬಟ್ಟೇಲಿ ಸವರಿ, ಕೀಲುಗಳಿಗೂ ಒಂದೊಂದು ಹನಿ ಬಿಡಿ, ಶೂ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಬಿಸಾಕದೆ ನಾಲ್ಕೈದು ಒಳಗೆ ಹಾಕಿ, ಆದ್ರೆ ಮನೇಲಿ ಚಿಕ್ಕ ಮಕ್ಕಳಿದ್ರೆ ಬಾಕ್ಸ್‌ಗೆ ಬೀಗ ಹಾಕೋ ತೂತು ಇರೋದನ್ನೇ ತಗೊಳ್ಳಿ.